ತಿದಿಗೆ ಮೊದಲು ಕುಲುಮೆ

ಕಾಫಿ ಹಣ್ಣಿನ ಕೊಯ್ಲು ಬಂತೆಂದರೆ ಜಾವಗಲ್, ಹಳೇಬೀಡು ಕಡೆಯ ಹಳ್ಳಿಗಳಿಂದ ಬೇಲೂರಿನಾಚೆಯ ತೋಟಗಳಿಗೆ ಬೆಳಕು ಹರಿಯುವ ಮೊದಲೇ ಆಳುಗಳನ್ನು ತುಂಬಿಕೊಂಡ ಜೀಪು, ಪಿಕಪ್ಪುಗಳು ಹೊರಡುತ್ತವೆ. ಹಳೆಯ ಡೀಸೆಲ್ ಜೀಪು ಏರು ಸಿಕ್ಕಿದೊಡನೆ ಎರಡನೇ ಗೇರಿಗೆ ಇಳಿದು ಏದುಸಿರು ಬಿಡುತ್ತದೆ. ಇಂತಹ ಗಾಡಿಗೆ ಟರ್ಬೊ, ಪೆಟ್ರೋಲ್ ಕಾರಾದರೆ ಸೂಪರ್‌ಚಾರ್ಜರ್ ಕೂರಿಸಿ ಎಳೆತ ಹೆಚ್ಚಿಸಿಕೊಳ್ಳಬೇಕೆಂಬ ಹಂಬಲ ಯುವಕರಲ್ಲಿ ಹುಟ್ಟುವುದು ಸಹಜ. ಹಂಬಲದಲ್ಲಿ ದೋಷವಿಲ್ಲ, ಅದನ್ನು ಈಡೇರಿಸಿಕೊಳ್ಳಲು ಹಿಡಿಯುವ ಕ್ರಮದಲ್ಲಿದೆ.

ಬೇಡಿಕೆಯಲ್ಲಿ ನ್ಯಾಯವೂ ಇದೆಯೆನ್ನಬೇಕು. ಬೇಲೂರು ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡ ಕಡಲತೀರಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಐದರಲ್ಲಿ ಒಂದು ಪಾಲು ಕಡಿಮೆ. ತಾನಾಗಿ ಉಸಿರೆಳೆಯುವ ಎಂಜಿನ್ನಿಗೆ ಅಷ್ಟರಮಟ್ಟಿಗೆ ಉಸಿರು ಸಾಲದು. ಈ ಕೊರತೆಯನ್ನು ತುಂಬುವ ಸಾಧನವೇ ಸೂಪರ್‌ಚಾರ್ಜರ್. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತ, ಕಮ್ಮಾರನ ತಿದಿಯಂತೆ ಗಾಳಿಯನ್ನು ಒತ್ತಿ ಒಳಗೆ ನೂಕುತ್ತದೆ. ಟರ್ಬೊ ಅದೇ ಕೆಲಸವನ್ನು ಹೊಗೆಯ ರಭಸದಿಂದ ಮಾಡುತ್ತದೆ. ಕಲ್ಪನೆ ಹೊಸದೇನಲ್ಲ, ಜರ್ಮನಿಯ ಗಾಟ್ಲೀಬ್ ಡೈಮ್ಲರ್ 1885ರಲ್ಲಿಯೇ ಇದಕ್ಕೆ ಹಕ್ಕುಪತ್ರ ಪಡೆದಿದ್ದರು.

ಆದರೆ ತಿದಿ ಜೋರಾದಷ್ಟೂ ಕುಲುಮೆ ಕಾಯುತ್ತದೆ. ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದರೆ 30 ಡಿಗ್ರಿಯಲ್ಲಿದ್ದದ್ದು 80-90 ಡಿಗ್ರಿಗೆ ಏರುತ್ತದೆ. ಆ ಬಿಸಿಗಾಳಿ ಮೊದಲೇ ಹತ್ತು ಪಟ್ಟು ಒತ್ತುವಂತೆ ಕಟ್ಟಿದ ಪೆಟ್ರೋಲ್ ಎಂಜಿನ್ನಿನೊಳಗೆ ಹೋದಾಗ, ಕಿಡಿಯ ಜ್ವಾಲೆ ಹಬ್ಬುವುದರೊಳಗೆ ಉಳಿದ ಇಂಧನ ತಾನಾಗಿಯೇ ಸಿಡಿಯುತ್ತದೆ. ಮೆಕ್ಯಾನಿಕ್ಕುಗಳು ‘ನಾಕಿಂಗ್’ ಎನ್ನುವುದು ಇದನ್ನೇ. ಈ ಸುತ್ತಿಗೆ ಏಟಿಗೆ ಎರಕದ ಅಲ್ಯೂಮಿನಿಯಂ ಪಿಸ್ಟನ್ ಬಿರುಕು ಬಿಡುತ್ತದೆ. ಪಿಸ್ಟನ್ ರಿಂಗಿನ ತುದಿಗಳ ನಡುವೆ ಕಾರ್ಖಾನೆಯವರು ಬಿಟ್ಟ ಸಂದು ಹಳೆಯ ಶಾಖದ ಲೆಕ್ಕಕ್ಕೆ ಸರಿಯಾಗಿತ್ತು. ಹೊಸ ಶಾಖಕ್ಕೆ ರಿಂಗು ಹಿಗ್ಗಿ ತುದಿಗೆ ತುದಿ ತಾಗಿದರೆ, ಅದು ಕೂತ ಗಾಡಿಯ ಅಂಚೇ ಮುರಿದುಬೀಳುತ್ತದೆ. ಕೂದಲೆಳೆಯಷ್ಟು ಹೆಚ್ಚಿನ ಸಂದು ಬಿಡದ ಅಜಾಗ್ರತೆಗೆ ಇಡೀ ಎಂಜಿನ್ ಬೆಲೆ ತೆರುತ್ತದೆ. ಕನೆಕ್ಟಿಂಗ್ ರಾಡು ಬಾಗುವುದು, ಹೆಡ್ ಗ್ಯಾಸ್ಕೆಟ್ ಹಾರುವುದು, ಬೇರಿಂಗು ಅರೆಯುವುದು ಇವೆಲ್ಲ ಅದರ ಹಿಂದೆಯೇ ಬರುತ್ತವೆ.

ಆದುದರಿಂದಲೇ ತಿಳಿದವರು ಒಳಗನ್ನು ಮೊದಲು ಬಲಪಡಿಸುತ್ತಾರೆ. ಬಡಿದು ರೂಪಿಸಿದ ಪಿಸ್ಟನ್ನು, ರಾಡು, ತಗ್ಗಿಸಿದ ಒತ್ತುಪ್ರಮಾಣ, ಗಟ್ಟಿ ಹೆಡ್ ಬೋಲ್ಟು, ಗಾಳಿ ತಣಿಸುವ ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರ್, ಎಣ್ಣೆ ತಣಿಸುವ ವ್ಯವಸ್ಥೆ ಇವೆಲ್ಲ ಆದ ಮೇಲೆ ತಿದಿ.

ಇದಕ್ಕೆ ನಿದರ್ಶನ ಬೇಕಾದವರು ದೂರ ಹೋಗಬೇಕಿಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿಗೆ ಕಾದವರೆಲ್ಲ ಆಲ್ಕೋ ವಂಶದ ಡೀಸೆಲ್ ಎಂಜಿನ್ನಿನ ಗುಡುಗನ್ನು ಕೇಳಿದವರೇ. 1962ರಲ್ಲಿ ಅಮೆರಿಕದಿಂದ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾದ ಡಬ್ಲ್ಯುಡಿಎಂ-2ರ ಶಕ್ತಿ 2,600 ಅಶ್ವಶಕ್ತಿ. ಅದೇ 16 ಸಿಲಿಂಡರುಗಳಿಂದ ಮುಂದೆ ಡಬ್ಲ್ಯುಡಿಎಂ-3ಎ ರೂಪದಲ್ಲಿ 3,100 ಅಶ್ವಶಕ್ತಿ ಪಡೆಯಲಾಯಿತು. ಆಗ ರೈಲ್ವೆಯವರು ಹೆಚ್ಚು ದಕ್ಷತೆಯ ಟರ್ಬೊ ಒಂದನ್ನೇ ತಂದು ತಿರುಪು ಬಿಗಿದು ಸುಮ್ಮನಾಗಲಿಲ್ಲ. ಉಕ್ಕಿನ ತಲೆಯ ಪಿಸ್ಟನ್, ಇನ್ನಷ್ಟು ಬಿಗುವಾದ ಕ್ಯಾಮ್‌ಶಾಫ್ಟ್, ದೊಡ್ಡ ಇಂಧನ ಪಂಪು, ದೊಡ್ಡ ಆಫ್ಟರ್‌ಕೂಲರ್ ಇವೂ ಜೊತೆಗೇ ಬಂದವು. ಪಟಿಯಾಲಾದ ಕಾರ್ಖಾನೆಯಲ್ಲಿ ಹಳೆಯ ಎಂಜಿನ್ನುಗಳನ್ನು ಪೂರ್ತಿ ಕಳಚಿ ಪುನಃ ಕಟ್ಟಲಾಯಿತು. ಇಷ್ಟೆಲ್ಲ ಸಾಹಸಕ್ಕೆ ದೊರೆತ ಹೆಚ್ಚುವರಿ ಶಕ್ತಿ ಐದನೆಯ ಒಂದು ಪಾಲಿಗೂ ತುಸು ಕಡಿಮೆ. ಒಂದು ಶನಿವಾರದ ಮಧ್ಯಾಹ್ನದೊಳಗೆ ಜೀಪಿನ ಶಕ್ತಿಯನ್ನು ಅರ್ಧಪಾಲು ಹೆಚ್ಚಿಸಿಕೊಡುತ್ತೇವೆ ಎನ್ನುವವರ ಮುಂದೆ ಈ ಲೆಕ್ಕವನ್ನು ಇಟ್ಟು ನೋಡಬಹುದು.

ಬತ್ತ ಬೆಳೆದವರಿಗೆ ಇದು ಬೇಗ ಅರ್ಥವಾದೀತು. ಹಿಂದಿನ ಉದ್ದ ಕಡ್ಡಿಯ ತಳಿಗಳಿಗೆ ಯೂರಿಯಾ ಹೆಚ್ಚು ಕೊಟ್ಟರೆ ತೆನೆ ತೂಗುವ ಮೊದಲೇ ಪೈರು ಮಲಗುತ್ತಿತ್ತು. 1966ರಲ್ಲಿ ಬಂದ ಐಆರ್-8 ಕಡ್ಡಿಯನ್ನು ಗಿಡ್ಡಗೊಳಿಸಿ ಗಟ್ಟಿ ಮಾಡಿತು. ಗೊಬ್ಬರದ ಮಾತು ನಡೆದದ್ದು ಆ ಮೇಲೆ. (ಆ ಗೊಬ್ಬರ ಮಣ್ಣಿಗೆ ಏನು ಮಾಡಿತೆಂಬುದು ಬೇರೆ ಲೇಖನದ ವಿಷಯ.)

ಎಂಜಿನ್ ಕೆಟ್ಟರೆ ಮಾಲೀಕನ ಹಣ ಹೋಯಿತು, ಅಷ್ಟೇ ಎನ್ನುವಂತಿಲ್ಲ. ಡೀಸೆಲ್ ಪಂಪಿನ ಸ್ಕ್ರೂ ತಿರುವಿ ಇಂಧನ ಹೆಚ್ಚಿಸಿ, ಗಾಳಿಯನ್ನು ಅದಕ್ಕೆ ತಕ್ಕಂತೆ ಕೊಡದಿದ್ದರೆ ಉರಿಯದೆ ಉಳಿದದ್ದು ಕರಿಹೊಗೆಯಾಗಿ ಹಿಂದಿನ ಬೈಕಿನವನ ಎದೆಗೆ ಇಳಿಯುತ್ತದೆ. ಶಕ್ತಿ ಹೆಚ್ಚಿದ ಗಾಡಿಗೆ ಬ್ರೇಕು ಮಾತ್ರ ಹಳೆಯದೇ. ಮೇಲೇರುವಾಗ ಸಿಕ್ಕ ವೇಗದ ಸಂತೋಷಕ್ಕೆ ಇಳಿಜಾರಿನಲ್ಲಿ ಉತ್ತರ ಕೊಡಬೇಕಾದವರು ಹಿಂದೆ ಕುಳಿತ ಹತ್ತು ಹದಿನೈದು ಮಂದಿ ಹೆಣ್ಣಾಳು ಗಂಡಾಳುಗಳು. ಅವರನ್ನು ಯಾರೂ ಕೇಳಿರುವುದಿಲ್ಲ.

ಕಾನೂನೂ ಸ್ಪಷ್ಟವಾಗಿಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಣೆಗೆ ಭಿನ್ನವಾಗುವ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಸ್ಪರ್ಧೆಗೆಂದೇ ಖಾಸಗಿ ಮೈದಾನದಲ್ಲಿ ಓಡಿಸುವ ಗಾಡಿಯ ವಿಚಾರ ಬೇರೆ. ಅಲ್ಲಿ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ವಿದ್ಯೆ ಅಗತ್ಯವಾಗಿ ಬೇಕು.

ಆಳು ಸಾಗಿಸುವ ಜೀಪಿಗೆ ಬೇಕಾದದ್ದು ಮೊದಲು ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳತೆ. ಅರ್ಧ ಗಂಟೆಯ ಕೆಲಸ. ಅಳೆದು ನೋಡಿದರೆ ಸವೆದ ರಿಂಗು, ಸೋರುವ ವಾಲ್ವು, ಧೂಳು ಕಟ್ಟಿದ ಏರ್ ಫಿಲ್ಟರ್ ಇಷ್ಟೇ ಕಾರಣವೆಂದು ತಿಳಿದುಬರುವ ಗಾಡಿಗಳೇ ಹೆಚ್ಚು. ಅವನ್ನು ಸರಿಪಡಿಸಿ, ಹತ್ತಿಸಿಕೊಳ್ಳುವ ಆಳುಗಳ ಸಂಖ್ಯೆಯನ್ನು ಮಿತಿಗೆ ಇಳಿಸಿದರೆ ಬೇಲೂರಿನ ಏರು ಅಷ್ಟು ಕಡಿದೆನಿಸದು. ಸೂಪರ್‌ಚಾರ್ಜರಿನ ಮಾತು ಅಲ್ಲಿಗೇ ನಿಲ್ಲಲೂಬಹುದು.