ಬಂದೂಕಿನ ಬಾಯಿಗೆ ಸೈಲೆನ್ಸರು

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1934ನೆಯ ಇಸವಿಯಿಂದ ಬಂದೂಕಿನ ಸೈಲೆನ್ಸರುಗಳ ಮೇಲಿದ್ದ 200 ಡಾಲರುಗಳ ತೆರಿಗೆಯು 2026ನೆಯ ಜನವರಿ 1ರಿಂದ ಸೊನ್ನೆಗೆ ಇಳಿದಿದೆ. 2025ನೆಯ ಜುಲೈ 4ರಂದು ಅಧ್ಯಕ್ಷ ಟ್ರಂಪರು ರುಜು ಹಾಕಿದ ಹಣಕಾಸಿನ ಮಹಾಮಸೂದೆಯೊಳಗೆ ಇದೂ ಒಂದು ಕಲಮಾಗಿ ಸೇರಿಕೊಂಡಿತ್ತು. ತೆರಿಗೆ ಹೋಯಿತು, ಸರಕಾರದ ದಫ್ತರದಲ್ಲಿ ಪ್ರತಿಯೊಂದನ್ನೂ ನೋಂದಾಯಿಸಬೇಕೆಂಬ ನಿಬಂಧನೆ ಮಾತ್ರ ಉಳಿಯಿತು. ಇದು ಪ್ರಜೆಯ ಸ್ವಾತಂತ್ರ್ಯಕ್ಕೆ ಸಂದ ಜಯವೆಂದು ಒಂದು ಪಕ್ಷದವರು ಹಿಗ್ಗಿದರು. ಕೊಲೆಗಡುಕರಿಗೆ ಕೊಟ್ಟ ವರವೆಂದು ಮತ್ತೊಂದು ಪಕ್ಷದವರು ಮರುಗಿದರು. ಆ ವಸ್ತುವು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ವಿಚಾರಿಸುವ ತಾಳ್ಮೆ ಇಬ್ಬರಲ್ಲಿಯೂ ಕಾಣಲಿಲ್ಲವೆಂದು ನಮಗೆ ತೋರುತ್ತದೆ. ಸಮುದ್ರದಾಚೆಯ ಈ ಜಗಳ ನಮಗೇಕೆಂದು ವಾಚಕರು ಕೇಳಬಹುದು. ನಮ್ಮ ಕಾಯಿದೆಯಲ್ಲಿಯೂ ಈ ಉಪಕರಣದ ಮಾತಿದೆ. ಸಂಬಳಕ್ಕಾಗಿ ಬಂದೂಕು ಹಿಡಿದ ಸಹಸ್ರಾರು ಮಂದಿ ನಮ್ಮಲ್ಲಿಯೂ ಇರುವರು. ಅವರಿಗೂ ಎರಡು ಕಿವಿಗಳಿರುವುವು.

ಮೋಟಾರು ಸೈಕಲ್ಲಿನ ಸೈಲೆನ್ಸರನ್ನು ಕಾಣದವರಿಲ್ಲ. ಬಂದೂಕಿನದೂ ಅದರ ದಾಯಾದಿಯೇ. ನಳಿಗೆಯ ತುದಿಗೆ ತಿರುಪಿನಿಂದ ಕೂಡಿಸುವ ಒಂದು ಕೊಳವೆ. ಅದರೊಳಗೆ ನಡುವೆ ರಂಧ್ರವುಳ್ಳ ತಡೆಗಳು ಒಂದರ ಹಿಂದೊಂದು. ಗುಂಡು ರಂಧ್ರಗಳ ಮೂಲಕ ನೇರವಾಗಿ ಹೋಗಿಬಿಡುವುದು. ಅದರ ಬೆನ್ನಟ್ಟಿ ಬರುವ ಮದ್ದಿನ ಬಿಸಿ ಅನಿಲವು ತಡೆಗಳ ನಡುವಿನ ಕೋಣೆಗಳಲ್ಲಿ ಸಿಕ್ಕಿ, ಹರಡಿ, ತಣಿದು, ನಿಧಾನವಾಗಿ ಹೊರಬೀಳುವುದು. ಕೆಲಸ ಇಷ್ಟೇ. ಮದ್ದು ಹೆಚ್ಚಾದ ರೈಫಲಿನ ಸದ್ದು 160 ಡೆಸಿಬಲ್ಲಿನ ಆಸುಪಾಸು. ಈ ಕೊಳವೆ ಅದನ್ನು 20ರಿಂದ 35ರಷ್ಟು ಇಳಿಸುವುದು. ಡೆಸಿಬಲ್ಲಿನ ಲೆಕ್ಕವು ಅಂಗಡಿಯ ಲೆಕ್ಕದಂತಲ್ಲ: 30 ಇಳಿದರೆ ಸದ್ದಿನ ಶಕ್ತಿಯು ಸಾವಿರದಲ್ಲೊಂದು ಪಾಲಾಯಿತೆಂದು ಅರ್ಥ. ಆದಾಗ್ಯೂ ಉಳಿದ ಸದ್ದು ದೀಪಾವಳಿಯ ದೊಡ್ಡ ಪಟಾಕಿ ಹತ್ತಿರದಲ್ಲಿ ಸಿಡಿದಂತೆಯೇ ಇರುವುದು. ಅಲ್ಲದೆ, ಧ್ವನಿಗಿಂತ ವೇಗವಾಗಿ ಹಾರುವ ಗುಂಡು ಗಾಳಿಯನ್ನು ಸೀಳುವಾಗ ತಾನೇ ಒಂದು ಛಟೀರೆಂಬ ಸದ್ದನ್ನು ಮಾಡುವುದು. ಅದನ್ನು ಅಡಗಿಸುವ ಶಕ್ತಿ ಈ ಕೊಳವೆಗೆ ಇಲ್ಲ. ಚಲನಚಿತ್ರಗಳಲ್ಲಿ ಪಿಸುಮಾತಿನಂತೆ ಗುಂಡು ಹಾರಿಸುವ ಖಳನು ಚಿತ್ರದವರ ಸೃಷ್ಟಿಯೇ ಹೊರತು ಬೇರೆಯಲ್ಲ. ‘ಸೈಲೆನ್ಸರ್’ ಎಂಬ ಹೆಸರನ್ನು ಕೊಟ್ಟವರು ಮಾಲು ಮಾರಲೆಂದು ಕೊಟ್ಟರು; ಅದೇ ಹೆಸರನ್ನು ಕೇಳಿ ಕಾಯಿದೆ ಬರೆದವರು ಹೆದರಿದರು.

ಆ ಹೆಸರಿನ ಹಿಂದೆ ಒಂದು ಕುಟುಂಬದ ಕಥೆಯಿದೆ. 1884ರ ಸುಮಾರಿಗೆ ತಾನೇ ತಾನಾಗಿ ಗುಂಡುಗಳ ಮಳೆಗರೆಯುವ ಬಂದೂಕನ್ನು ನಿರ್ಮಿಸಿದವರು ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್. ಆಫ್ರಿಕದ ನೆಲವನ್ನು ಬಿಳಿಯರು ಹಂಚಿಕೊಂಡ ಕಾಲದಲ್ಲಿ ಆ ಯಂತ್ರವು ಎಷ್ಟು ಸಾವಿರ ಪ್ರಾಣಗಳನ್ನು ನುಂಗಿತೆಂಬುದನ್ನು ಇತಿಹಾಸ ಬಲ್ಲವರಿಗೆ ನಾವು ಹೇಳಬೇಕಾದುದಿಲ್ಲ. ವರ್ಷಗಟ್ಟಲೆ ತನ್ನ ಬಂದೂಕಿನ ಪಕ್ಕದಲ್ಲೇ ನಿಂತು ಪರೀಕ್ಷೆ ಮಾಡಿದ ಮ್ಯಾಕ್ಸಿಮರು ಕಡೆಗೆ ಕಿವುಡರಾದರು. ಅವರ ಮಗ ಹೈರಮ್ ಪರ್ಸಿ ಮ್ಯಾಕ್ಸಿಮರು 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟು ಪಡೆದರು. ತಂದೆಯ ಕಿವಿಯನ್ನು ಕಂಡೇ ಮಗನಿಗೆ ಈ ಬುದ್ಧಿ ಹುಟ್ಟಿತೆಂದು ನಾವು ಹೇಳಲಾರೆವು. ಆದರೆ ಒಂದೇ ಮನೆಯಲ್ಲಿ ರೋಗವೂ ಔಷಧವೂ ಹುಟ್ಟಿದುದು ನಿಜ. ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್ವೆಲ್ಟರೂ ತಮ್ಮ ರೈಫಲಿಗೆ ಇದನ್ನು ಹಾಕಿಸಿಕೊಂಡಿದ್ದರು. ಆಗ ಅದು ಸದ್ಗೃಹಸ್ಥರ ಸಾಮಾನು. ನೆರೆಯವರಿಗೆ ತೊಂದರೆಯಾಗದಂತೆ ಗುರಿಯ ಅಭ್ಯಾಸ ಮಾಡುವುದಕ್ಕೆ ಇದ್ದ ಅನುಕೂಲ.

ಅಂಥ ಸಾಮಾನು 1934ರಲ್ಲಿ ಮೆಷಿನ್ ಗನ್ನಿನ ಜೊತೆಗೆ ಒಂದೇ ಕಾಯಿದೆಯ ಬಲೆಗೆ ಬಿತ್ತು. ಮದ್ಯನಿಷೇಧದ ಕಾಲದ ದರೋಡೆ ಗುಂಪುಗಳ ರಕ್ತಪಾತದಿಂದ ದೇಶವೆಲ್ಲ ಬೆದರಿದ್ದ ಸಮಯವದು. ಶಾಸನಸಭೆಯ ಚರ್ಚೆಯು ಮೆಷಿನ್ ಗನ್ನಿನ ವಿಷಯವಾಗಿ ಹರಿಯಿತು; ಸೈಲೆನ್ಸರಿನ ಮೇಲೆ ವಿಚಾರ ನಡೆದುದು ಅತ್ಯಲ್ಪ. ಕೆಲವೇ ಡಾಲರು ಬೆಲೆಯ ಕೊಳವೆಗೆ 200 ಡಾಲರಿನ ತೆರಿಗೆ! ಅದು ತೆರಿಗೆಯ ವೇಷ ತೊಟ್ಟ ನಿಷೇಧವೆಂದು ಬೇರೆ ಹೇಳಬೇಕಿಲ್ಲ. 1937ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ಕಾಯಿದೆ ವ್ಯಾಪಾರಿಗಳ ಮೇಲೆ ಹಾಕಿದ್ದ ತೆರಿಗೆಯನ್ನು, ತೆರಿಗೆ ಹಾಕುವ ಅಧಿಕಾರ ಸರಕಾರಕ್ಕೆ ಉಂಟೆಂಬ ಆಧಾರದ ಮೇಲೆಯೇ ಎತ್ತಿಹಿಡಿಯಿತು. ಈಗಿನ ತೊಡಕು ಹುಟ್ಟಿರುವುದು ಅಲ್ಲಿಯೇ. 2025ರಲ್ಲಿ ಕೆಳಮನೆಯವರು ಸೈಲೆನ್ಸರನ್ನು ಆ ಕಾಯಿದೆಯಿಂದಲೇ ಕಿತ್ತುಹಾಕಲು ಹೊರಟಿದ್ದರು. ಆಯವ್ಯಯದ ಮಸೂದೆಯಲ್ಲಿ ಅಂಥ ಮಾತಿಗೆ ಎಡೆಯಿಲ್ಲವೆಂದು ಸೆನೆಟ್ಟಿನ ನಿಯಮಾಧಿಕಾರಿಯು ಹೇಳಿದುದರಿಂದ ತೆರಿಗೆಯೊಂದೇ ಹೋಯಿತು. ಒಡನೆಯೇ ಬಂದೂಕಿನ ಪಕ್ಷದವರು, ತೆರಿಗೆಯೇ ಇಲ್ಲದ ಮೇಲೆ ತೆರಿಗೆಗಾಗಿ ಇದ್ದ ನೋಂದಣಿ ಎಲ್ಲಿಯದೆಂದು ನ್ಯಾಯಾಲಯದ ಬಾಗಿಲು ತಟ್ಟಿದರು. ತರ್ಕಕ್ಕೆ ಇದು ಸೊಗಸಾಗಿದೆ. ತೊಂಬತ್ತು ವರ್ಷಗಳ ಕಾಲ ಊರುಗೋಲನ್ನೇ ಕಾಲೆಂದು ತಿಳಿದು ನಡೆದ ಕಾಯಿದೆಗೆ ಬರಬೇಕಾದ ಗತಿಯೇ ಇದು.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುವೆವು. ತೆರಿಗೆ ಹೋದುದು ಸರಿ, ನೋಂದಣಿ ಹೋಗಬಾರದು. ಕಿವಿಯನ್ನು ಕಾಪಾಡಿಕೊಳ್ಳಲೆಳಸುವ ಬೇಟೆಗಾರನಿಗೆ ದಂಡ ಹಾಕುವುದು ಅವಿವೇಕ. ಹತ್ತಿಯ ಬಿರಡೆಯೋ ಕಿವಿಮುಚ್ಚಳವೋ ಸಾಲದೇ ಎಂದರೆ, ಕಾಡಿನಲ್ಲಿ ನಡೆಯುವವನು ಎಲೆಯ ಸದ್ದನ್ನೂ ಜೊತೆಗಾರನ ಕೂಗನ್ನೂ ಕೇಳಬೇಕು. ಅವನು ಕಿವಿ ಮುಚ್ಚಿಕೊಂಡರೆ ಅಪಾಯ ಅವನಿಗೊಬ್ಬನಿಗೇ ಅಲ್ಲ. ಉತ್ತರ ಯೂರೋಪಿನ ಬೇಟೆಗಾರರಲ್ಲಿ ಈ ಕೊಳವೆಯ ಬಳಕೆ ಬಹು ಸಾಮಾನ್ಯ. ಬಂದೂಕುಗಳ ಮೇಲ್ವಿಚಾರಣೆ ನಡೆಸುವ ಅಮೇರಿಕದ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರೇ 2017ರ ತಮ್ಮ ಟಿಪ್ಪಣಿಯಲ್ಲಿ, ಅಪರಾಧಗಳಲ್ಲಿ ಸೈಲೆನ್ಸರಿನ ಬಳಕೆ ಬಹು ಅಪರೂಪವೆಂದು ಬರೆದರು. ಆದರೆ ಅಪರೂಪವೆಂದರೆ ಇಲ್ಲವೆಂದಲ್ಲ. 2019ನೆಯ ಮೇ 31ರಂದು ವರ್ಜೀನಿಯಾ ಬೀಚ್ ಪಟ್ಟಣದ ಸರಕಾರಿ ಕಟ್ಟಡದಲ್ಲಿ 12 ಮಂದಿಯನ್ನು ಕೊಂದವನ ಪಿಸ್ತೂಲಿಗೆ ಈ ಕೊಳವೆಯಿತ್ತು. ಬದುಕಿ ಉಳಿದವರಲ್ಲಿ ಕೆಲವರು ಅದು ಗುಂಡಿನ ಸದ್ದೆಂದು ತಮಗೆ ಮೊದಲು ತಿಳಿಯಲೇ ಇಲ್ಲವೆಂದರು. ಕಚೇರಿಯಲ್ಲಿ ಕಡತ ನೋಡುತ್ತ ಕುಳಿತವನಿಗೆ ಆ ನಾಲ್ಕು ಕ್ಷಣಗಳ ಬೆಲೆಯೆಷ್ಟು? ಹೀಗಿರಲು, ಯಾರ ಕೈಯಲ್ಲಿ ಏನಿದೆಯೆಂಬ ಒಂದು ಪಟ್ಟಿಯನ್ನು ಸರಕಾರವು ಇಟ್ಟುಕೊಂಡರೆ ಯಾವ ಪ್ರಾಮಾಣಿಕನ ಸ್ವಾತಂತ್ರ್ಯವೂ ಹಾಳಾಗದು. ಅಲ್ಲಿನ ಎಂಟು ಸಂಸ್ಥಾನಗಳು, ನ್ಯೂಯಾರ್ಕೂ ಕ್ಯಾಲಿಫೋರ್ನಿಯವೂ ಅವುಗಳಲ್ಲಿ ಸೇರಿ, ಖಾಸಗಿಯವರಿಗೆ ಇದನ್ನು ಪೂರ್ತಿಯಾಗಿ ನಿಷೇಧಿಸಿವೆ; ಅದು ಅವುಗಳ ವಿವೇಚನೆಗೆ ಬಿಟ್ಟ ವಿಷಯ.

ಇನ್ನು ನಮ್ಮ ದೇಶದ ಮಾತು. ಬಂದೂಕಿನ ಸದ್ದನ್ನಾಗಲಿ ಜ್ವಾಲೆಯನ್ನಾಗಲಿ ತಗ್ಗಿಸುವ ಉಪಕರಣವನ್ನು 1962ರ ಶಸ್ತ್ರ ನಿಯಮಗಳು ನಿಷಿದ್ಧ ಶಸ್ತ್ರಗಳ ಸಾಲಿನಲ್ಲಿ, ಮೊದಲನೆಯ ವರ್ಗದಲ್ಲಿ ಕೂರಿಸಿದವು. 2016ರ ಹೊಸ ನಿಯಮಗಳೂ ಸಾಮಾನ್ಯ ಪ್ರಜೆಗೆ ಆ ಬಾಗಿಲನ್ನು ತೆರೆಯಲಿಲ್ಲ. ‘ಸದ್ದು ಅಥವಾ ಜ್ವಾಲೆ’ ಎಂಬ ಈ ಪದಗಳು ಇಂಗ್ಲೆಂಡಿನ ಕಾಯಿದೆಯಲ್ಲಿಯೂ ಇವೆ. ಅಲ್ಲಿ ಅದೇ ಪದಗಳ ಕೆಳಗೆ ಜಿಂಕೆ ಬೇಟೆಯವನಿಗೆ ದಶಕಗಳಿಂದ ಪರವಾನಗಿಯಲ್ಲಿ ನಮೂದಿಸಿ ಕೊಡುತ್ತ ಬಂದರು. ನಾವು ಪದಗಳನ್ನು ತಂದುಕೊಂಡು ಬಾಗಿಲನ್ನು ಹಾಕಿಕೊಂಡೆವು. ಈ ಒಂದು ವಿಷಯದಲ್ಲಿ ನಾವು ಮಾಡಿದುದೇ ಲೇಸೆಂದು ನಮ್ಮ ಮತ. ನಮ್ಮಲ್ಲಿ ಬೇಟೆಯೇ 1972ರ ವನ್ಯಜೀವಿ ಕಾಯಿದೆಯಿಂದ ನಿಷಿದ್ಧವಾಗಿದೆ. ಬಂಡೀಪುರ, ನಾಗರಹೊಳೆಗಳ ಕಾಡಿನ ಶಿಬಿರಗಳಲ್ಲಿ ರಾತ್ರಿ ಕಾವಲಿರುವ ಬಡ ವಾಚರನಿಗೆ ಕಳ್ಳಬೇಟೆಗಾರನ ಸುಳಿವು ಕೊಡುವುದು ಆ ಒಂದು ಗುಂಡಿನ ಸದ್ದೇ. ಅದನ್ನೂ ಅಡಗಿಸಿದರೆ ಅವನ ಕಿವಿಯನ್ನೇ ಕಿತ್ತುಕೊಂಡಂತಾದೀತು. ಲೈಸೆನ್ಸಿನ ವಿನಾಯಿತಿ ಪಡೆದ ಕೊಡಗಿನವರ ಮಾತೇನೆಂದು ಕೇಳುವವರು ಇರಬಹುದು. ಆ ವಿನಾಯಿತಿ ಕೋವಿಗೆ, ಈ ಕೊಳವೆಗಲ್ಲ. ಪುತ್ತರಿಯ ದಿನ ಕದಿರು ಕೊಯ್ಯುವಾಗ ಸದ್ದಿಲ್ಲದೆ ಕೋವಿ ಹಾರಿಸೆಂದರೆ ಯಾವ ಕೊಡವನೂ ಒಪ್ಪಲಾರನು.

ಖಾಸಗಿಯವರಿಗೆ ಬೇಡವೆಂದ ಮಾತ್ರಕ್ಕೆ ವಿಷಯ ಮುಗಿಯಲಿಲ್ಲ. ನಮ್ಮ ಕಚೇರಿಗೆ ಆಗಾಗ್ಗೆ ದಯಮಾಡಿಸುವ ನಿವೃತ್ತ ಹವಾಲ್ದಾರರೊಬ್ಬರು ಇರುವರು. ಅವರ ಬಲಗಡೆ ಕುಳಿತು ಆಡಿದ ಮಾತು ಅವರಿಗೆ ಮುಟ್ಟುವುದಿಲ್ಲ. ರಾತ್ರಿಯೆಲ್ಲ ಕಿವಿಯೊಳಗೆ ಜೀರುಂಡೆ ಕೂಗುವುದೆನ್ನುವರು. ಯುದ್ಧದಲ್ಲಿ ಹೋದ ಕಿವಿಯಲ್ಲ ಅದು. ಗುರಿಯ ಮೈದಾನದಲ್ಲಿ ಹೊಸ ಹುಡುಗರಿಗೆ ಪಾಠ ಹೇಳಿ ಹೇಳಿ ಹೋದದ್ದು. 140 ಡೆಸಿಬಲ್ಲಿಗೆ ಮೀರಿದ ಸ್ಫೋಟದ ಸದ್ದು ಒಳಗಿವಿಯ ಸೂಕ್ಷ್ಮ ರೋಮಕೋಶಗಳನ್ನು ಕೊಲ್ಲಬಲ್ಲದು; ಸತ್ತವು ಮತ್ತೆ ಹುಟ್ಟವು. “ಸ್ವಾಮೀ, ಮೊಮ್ಮಗಳು ಏನೋ ಹೇಳಿ ನಗ್ತಾಳೆ, ನಾನೂ ನಗ್ತೇನೆ, ಏನು ಹೇಳಿದಳೋ ತಿಳಿಯೋದಿಲ್ಲ” ಎಂದು ಅವರು ಒಂದು ದಿನ ಹೇಳಿದ ಮಾತು ನಮ್ಮ ಮನಸ್ಸಿನಿಂದ ಹೋಗಿಲ್ಲ. ಇಂಥವರು ಎಷ್ಟು ಮಂದಿ ಪಿಂಚಣಿಯ ಸಾಲಿನಲ್ಲಿ, ಕಿವಿಗೆ ಕೈಯೊಡ್ಡಿ ನಿಂತಿರುವರೋ!

ಪೊಲೀಸು ಶಿಕ್ಷಣಶಾಲೆಗಳಲ್ಲಿಯೂ ಗುರಿಯ ಮೈದಾನಗಳಲ್ಲಿಯೂ ಅಭ್ಯಾಸಕ್ಕಿರುವ ಕೆಲವು ರೈಫಲುಗಳಿಗಾದರೂ ಈ ಕೊಳವೆಯನ್ನು ಹಾಕಿಸುವುದಕ್ಕೆ ಕಾಯಿದೆಯನ್ನು ತಿದ್ದಬೇಕಾದುದೇ ಇಲ್ಲ. 1959ರ ಶಸ್ತ್ರ ಕಾಯಿದೆಯ 45ನೆಯ ಪ್ರಕರಣವು ಸರಕಾರದ ಆಜ್ಞೆಯಂತೆ ನೌಕರನು ಕರ್ತವ್ಯಕ್ಕಾಗಿ ಹೊಂದಿರುವ ಶಸ್ತ್ರಗಳನ್ನು ಕಾಯಿದೆಯ ಹಿಡಿತದಿಂದ ಹೊರಗಿಟ್ಟಿದೆ. ಬೇಕಾದುದು ಒಂದು ಆಜ್ಞೆ, ಒಂದಿಷ್ಟು ಹಣ, ಕೊಳವೆಗಳ ಲೆಕ್ಕವನ್ನು ಬಂದೂಕುಗಳಂತೆಯೇ ಭದ್ರವಾಗಿಡುವ ಒಂದು ರಿಜಿಸ್ಟರು. ಅದಕ್ಕೆ ತಡವಾಗುವುದಾದರೆ, ಮೈದಾನಕ್ಕೆ ಇಳಿಯುವ ಪ್ರತಿಯೊಬ್ಬ ಕಾನ್ಸ್ಟೇಬಲ್ಲಿಗೂ, ಮುಖ್ಯವಾಗಿ ದಿನವಿಡೀ ಅಲ್ಲೇ ನಿಲ್ಲುವ ಶಿಕ್ಷಕನಿಗೂ, ಒಳ್ಳೆಯ ಕಿವಿಮುಚ್ಚಳವಿಲ್ಲದೆ ಒಂದು ಗುಂಡೂ ಹಾರಕೂಡದೆಂದು ಈಗಲೇ ಕಟ್ಟಪ್ಪಣೆಯಾಗಲಿ. ನೇಮಕದ ದಿನ ಕಣ್ಣು, ಎದೆ, ಎತ್ತರಗಳನ್ನು ಅಳೆಯುವ ಇಲಾಖೆಯು ವರ್ಷಕ್ಕೊಮ್ಮೆ ಇವರ ಕಿವಿಯನ್ನೂ ಪರೀಕ್ಷಿಸಿ ಸೇವಾ ಪುಸ್ತಕದಲ್ಲಿ ಬರೆದಿಡಲಿ. ಹಾಗೆ ಬರೆದಿಟ್ಟ ಪುಟವಿದ್ದರೆ, ಕಿವಿ ಕಳೆದುಕೊಂಡವನು ಪರಿಹಾರ ಕೇಳಲು ಬಂದಾಗ, ಇದು ವಯೋಧರ್ಮವೆಂದು ಹೇಳಿ ಕಳಿಸುವುದು ಗುಮಾಸ್ತನಿಗೆ ಈಗಿನಷ್ಟು ಸುಲಭವಾಗದು.