ಹಡಗಿನ ಶಾನುಭೋಗ

ದೇವನಹಳ್ಳಿ ಕೋಟೆಯ ಮೇಲೆ ನಿಂತವರಿಗೆ ಕಡಲು ನೆನಪಾಗುವುದಿಲ್ಲ. ಕಿವಿಗೆ ಬೀಳುವುದು ವಿಮಾನದ ಸದ್ದು. ಆದರೂ ಈ ಊರಲ್ಲಿ ಹುಟ್ಟಿದ ಟಿಪ್ಪು 1796ರಲ್ಲಿ 40 ಯುದ್ಧನೌಕೆಗಳ ಪಡೆ ಕಟ್ಟಲು ಹುಕುಂ ಬರೆಸಿದ. ಮೂರೇ ವರ್ಷಕ್ಕೆ ರಾಜ್ಯ ಹೋಯಿತು. ನೌಕಾಪಡೆ ಬಹುಪಾಲು ಕಾಗದದಲ್ಲೇ ಉಳಿಯಿತು. ಅದಕ್ಕೂ ಮೊದಲೇ, 1791ರಲ್ಲಿ, ಈ ಕೋಟೆ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯದ ಪಾಲಾಗಿತ್ತು. ಆ ಸೇನಾನಿಯ ಹೆಸರಿನದೇ 74 ತೋಪುಗಳ ಹಡಗೊಂದನ್ನು ಬ್ರಿಟಿಷ್ ನೌಕಾಪಡೆಗಾಗಿ 1813ರಲ್ಲಿ ಮುಂಬಯಿಯಲ್ಲಿ ಜಮ್ಶೆಟ್‌ಜಿ ಬೊಮಾನ್‌ಜಿ ವಾಡಿಯಾ ತೇಗದಲ್ಲಿ ಕಟ್ಟಿದರು.

ತೋಪುಗಳ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಕುತೂಹಲ ಇರುವುದು ಆ ಕಾಲದ ಅಂಥ ಬ್ರಿಟಿಷ್ ಹಡಗುಗಳ ಗುಮಾಸ್ತನ ಮೇಲೆ. ಹೆಚ್ಚಾಗಿ ಎಳೆಯ ಹುಡುಗ. ಕಪ್ತಾನನ ಪತ್ರಗಳನ್ನು ನಕಲು ಮಾಡಬೇಕು, ನೂರಾರು ಜನರ ಹಾಜರಿ ಪುಸ್ತಕ ಇಡಬೇಕು. ವಾಸ ನೀರಿನ ಮಟ್ಟಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ಗಾಳಿ ಬೆಳಕಿಲ್ಲದ ಕಡೆ. ಹಗಲಿಗೂ ಮೇಣದ ಬತ್ತಿಯೇ ಗತಿ. ಕೆಲವು ವರ್ಷ ಹೀಗೆ ಸವೆದರೆ ಮುಂದೆ ಉಗ್ರಾಣದ ಅಧಿಕಾರಿಯಾಗುವ ಆಸೆ. ಆ ಉಗ್ರಾಣದವರ ಪೌಂಡಿಗೆ ಹಿಂದೆ 16ರ ಬದಲು 14 ಔನ್ಸೇ ಇತ್ತು. 1797ರಲ್ಲಿ ನಾವಿಕರು ದಂಗೆ ಎದ್ದ ಮೇಲೆ ತಕ್ಕಡಿ ಸರಿಹೋಯಿತು. ನಮ್ಮ ಸಂತೆಗಳ ಸೇರು-ಪಾವುಗಳನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಹಾಜರಿ ಕರೆಯುವಾಗ ಎಲ್ಲರೂ ಮೇಲೆ ಸಾಲಾಗಿ ನಿಲ್ಲಬೇಕು, ಹೆಸರು ಓದುವವನು ಗುಮಾಸ್ತ. ಕೊಟ್ಟ ಅಂಗಿ, ತಂಬಾಕು ಎಲ್ಲವೂ ಸಂಬಳದಲ್ಲಿ ಕಡಿತ. ಯಾರಾದರೂ ಸತ್ತರೆ ಅವನ ಬಟ್ಟೆಬರೆಯನ್ನು ಜತೆಗಾರರ ನಡುವೆಯೇ ಹರಾಜು ಹಾಕುವರು. ಕೊಂಡವನ ಖಾತೆಗೆ ಬೆಲೆ, ಸತ್ತವನ ಹೆಸರಿನ ಮುಂದೆ ‘ಡಿ.ಡಿ.’ ಎಂಬ ಗುರುತು. ಓಡಿಹೋದವನಿಗೆ ‘ಆರ್’. ಆ ಒಂದಕ್ಷರ ಬಿದ್ದರೆ ಬಾಕಿ ಸಂಬಳವೆಲ್ಲ ಜಪ್ತಿ. ಆಸ್ಪತ್ರೆ ಸೇರಿ ಹಡಗು ತಪ್ಪಿಹೋದವರಿಗೂ ಅದು ಬೀಳುವುದುಂಟು. ಆಮೇಲೆ ಅದನ್ನು ಅಳಿಸಿಕೊಡಿ ಎಂದು ಅರ್ಜಿ ಹಿಡಿದು ಅಲೆಯಬೇಕು.

ನಮ್ಮ ಶಾನುಭೋಗರ ಭಾಷೆಯಲ್ಲಿ ಹೇಳುವುದಾದರೆ ಮೊದಲಿನದು ಫೌತಿ, ಎರಡನೆಯದು ಪರಾರಿ. ಕಡತದ ಮೇಲೆ ಬಳಪ ಆಡಿಸುತ್ತಿದ್ದ ಶಾನುಭೋಗರಿಗೆ ಊರು ಹೆದರುತ್ತಿದ್ದುದು ಸುಮ್ಮನೆ ಅಲ್ಲ. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾನೂನು ತೆಗೆದುಹಾಕಿತು, ಮಾತು ಉಳಿಯಿತು.

1842ರ ಆಗಸ್ಟ್ 29ರಂದು ಬ್ರಿಟನ್-ಚೀನಾ ನಡುವಿನ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಆ ಕಾರ್ನ್‌ವಾಲಿಸ್ ಹಡಗಿನ ಮೇಲೆಯೇ. ಸಹಿ ಮಾಡಿದವರ ಹೆಸರು ಇತಿಹಾಸದಲ್ಲಿದೆ. ಹಾಜರಿ ಬರೆದವನದನ್ನು ಯಾರು ಕೇಳುತ್ತಾರೆ? ಹೊಸಕೋಟೆಯ ಕಡೆ ತಂದೆಯ ಜಮೀನನ್ನು ಫೌತಿ ಖಾತೆ ಮಾಡಿಸಲು ಅಲೆಯುವವನಿಗಾದರೆ, ಸಾಹೇಬರಿಗಿಂತ ಮೊದಲು ಗುಮಾಸ್ತನ ಹೆಸರೇ ಗೊತ್ತಿರುತ್ತದೆ.