ಬಚ್ಚಲ ಹಂಡೆಯ ಲೆಕ್ಕ

ಮನೆಯಲ್ಲಿ ಶಕ್ತಿ ಹೆಚ್ಚು ಖರ್ಚಾಗುವುದು ನೀರು ಕಾಯಿಸಲು, ಅಡುಗೆ ಬೇಯಿಸಲು. ‘ದೀಪ ಆರಿಸಿ, ವಿದ್ಯುತ್ ಉಳಿಸಿ’ ಎಂಬ ಬುದ್ಧಿಮಾತು ಗುಂಡು ಬಲ್ಬಿನ ಕಾಲದ್ದು. ಆಗ 60 ವ್ಯಾಟ್ ಬೇಡುತ್ತಿದ್ದ ಬೆಳಕನ್ನು ಈಗ 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಅದು ದಿನಕ್ಕೆ 5 ಗಂಟೆಯಂತೆ 10 ದಿನ ಉರಿದರೂ ಅರ್ಧ ಯೂನಿಟ್ ತುಂಬದು. 15 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಹೆಚ್ಚುಕಡಿಮೆ ಅಷ್ಟೇ ಬೇಕು. ನಾಲ್ವರ ಮನೆಯಲ್ಲಿ ಗೀಸರ್ ತಿಂಗಳಿಗೆ 50 ಯೂನಿಟ್ ದಾಟುತ್ತದೆ. ಮೊಬೈಲ್ ಚಾರ್ಜರ್ ಕೀಳಬೇಕೆಂಬ ಉಪದೇಶ ಈ ಲೆಕ್ಕದ ಮುಂದೆ ನಿಲ್ಲದು.

2023ರ ಆಗಸ್ಟ್‌ನಿಂದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದಿದೆ, ಇನ್ನು ಉಳಿಸುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ತಿಂಗಳಿಗೆ 200 ಯೂನಿಟ್ ಎಂಬುದು ಗರಿಷ್ಠ ಮಿತಿ. ಪ್ರತಿ ಮನೆಯ ಪಾಲು ಅದರ ಹಿಂದಿನ ಬಳಕೆಯ ಸರಾಸರಿಯನ್ನು ಆಧರಿಸಿದೆ. ಹೊಸದಾಗಿ ಗೀಸರ್ ಕೂರಿಸಿದ ಮನೆ ಆ ಪಾಲನ್ನು ಸುಲಭವಾಗಿ ಮೀರುತ್ತದೆ.

ಹಾಸನ ಜಿಲ್ಲೆಯ ಅರಸೀಕೆರೆ ಕಡೆಯ ತೆಂಗು ಬೆಳೆಗಾರರ ವಾದ ಇನ್ನೂ ಗಟ್ಟಿ. ಗರಿ, ಮಟ್ಟೆ, ಸಿಪ್ಪೆ, ಕರಟ ತೋಟದಲ್ಲೇ ಬಿದ್ದಿರುವಾಗ ಹಂಡೆ ಒಲೆಗೆ ಖರ್ಚೇನು? ಕಾಸಿನ ಖರ್ಚಿಲ್ಲ, ನಿಜ. ಆದರೆ ಆ ಸಿಪ್ಪೆ, ಗರಿ ತೆಂಗಿನ ಬುಡಕ್ಕೆ ಬಿದ್ದರೆ ಮಳೆ ಕಡಿಮೆಯಿರುವ ಈ ನೆಲದಲ್ಲಿ ತೇವ ಹಿಡಿದಿಡುತ್ತವೆ. ಕರಟಕ್ಕೆ ಇದ್ದಿಲು ಮಾಡುವವರು ಬೆಲೆ ಕೊಡುತ್ತಾರೆ. ಅಗಲ ಬಾಯಿಯ, ಜಾಲರಿಯಿಲ್ಲದ ಒಲೆಯಲ್ಲಿ ಕೆಳಗಿನಿಂದ ಗಾಳಿ ಬರುವುದಿಲ್ಲ. ಉರಿ ಹಂಡೆಗೆ ತಾಗುವ ಮೊದಲೇ ಹೊರಗೆ ಹೋಗುತ್ತದೆ, ಅರ್ಧ ಉರಿದ ಸೌದೆ ಹೊಗೆಯಾಗುತ್ತದೆ. ಆ ಹೊಗೆ ಕುಡಿಯುವವರು ನಸುಕಿನಲ್ಲೆದ್ದು ಒಲೆ ಊದುವ ಹೆಂಗಸರು. ಇದನ್ನು ಬಿಟ್ಟಿ ಎನ್ನುವುದು ಅನ್ಯಾಯ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಈ ದೋಷಗಳನ್ನೇ ತಿದ್ದಿತು: ಮುಚ್ಚಿದ ಉರಿಗೂಡು, ಸೌದೆಯ ಕೆಳಗೆ ಜಾಲರಿ, ಹೊಗೆಗೆ ಕೊಳವೆ. ಹಂಡೆ ಒಲೆಗೂ ಜಾಲರಿ ಕೂರಿಸಿ, ಬಾಯಿ ಕಿರಿದು ಮಾಡಿ, ಹೊಗೆ ಕೊಳವೆ ಏರಿಸುವುದು ಊರಿನ ಗಾರೆಯವರಿಗೆ ಕಷ್ಟದ ಕೆಲಸವಲ್ಲ. ಹಂಡೆಗೆ ಮುಚ್ಚಳವಂತೂ ಇರಲೇಬೇಕು.

ಸೌರ ಹೀಟರ್ ಎಲ್ಲ ಕಡೆಗೂ ಒಂದೇ ಉತ್ತರವಲ್ಲ. ಬಿಸಿಲು ಚೆನ್ನಾಗಿರುವ ಅರಸೀಕೆರೆಗೆ ಅದು ಹೇಳಿ ಮಾಡಿಸಿದ್ದು. ಹಳೇಬೀಡು ಬೇಲೂರು ತಾಲ್ಲೂಕಿಗೇ ಸೇರಿದ್ದರೂ ಅಲ್ಲಿ ಮಳೆ ಕಡಿಮೆ, ಅಲ್ಲಿಗೂ ಒಪ್ಪುತ್ತದೆ. ಮಲೆನಾಡಿಗೆ ತಾಗಿದ ಬೇಲೂರಿನ ಪಶ್ಚಿಮದ ಊರುಗಳಲ್ಲಿ ಜೂನ್‌ನಿಂದ ಮೋಡ ಕವಿದಾಗ, ಬಿಸಿನೀರು ಹೆಚ್ಚು ಬೇಕಾದ ದಿನಗಳಲ್ಲೇ, ಅದು ಸೋಲುತ್ತದೆ. ಅಲ್ಲಿ ತಿದ್ದಿದ ಒಲೆಯೇ ಮೇಲು.

ಅಡುಗೆಯಲ್ಲೂ ಇದೇ ಕಥೆ. ಕುದಿ ಬಂದ ಮೇಲೆ ಉರಿ ಜೋರು ಮಾಡಿದರೆ ಆವಿ ಹೆಚ್ಚುತ್ತದೆಯೇ ಹೊರತು ನೀರಿನ ಬಿಸಿ ಏರದು. ಬೇಳೆ ಬೇಗ ಬೇಯುವುದೂ ಇಲ್ಲ. ಹುರುಳಿ, ಒಣ ಅವರೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿಟ್ಟು, ಮೊದಲ ಕೂಗಿಗೇ ಉರಿ ತಗ್ಗಿಸಬೇಕು. ಒಲೆ ಆರಿಸಿದ ಮೇಲೂ ಒಳಗಿನ ಬಿಸಿಯಲ್ಲೇ ಕಾಳು ಇನ್ನಷ್ಟು ಬೇಯುತ್ತದೆ.